ಒಂದನೇ ಕ್ಲಾಸಿನವರು ಒಡೆಸಿದ ನೆಲ

ನಮ್ಮೂರ ಶಾಲೆಯ ಅಂಗಳಕ್ಕೆ ನೆಲ ಹಾಕಿದವನು ನಾನು, ಚನ್ನಿಗಪ್ಪ ಮೇಸ್ತ್ರಿ. ಬೇರೆ ಯಾರೋ ಹೇಳಿ ನಿಮಗೆ ಗೊತ್ತಾಗುವುದಕ್ಕಿಂತ ನಾನೇ ಹೇಳಿಕೊಳ್ಳುವುದು ವಾಸಿ. ಇಪ್ಪತ್ತೆರಡು ವರ್ಷದ ಹಿಂದೆ ಹಾಕಿದ ಕೆಂಪು ನೆಲ ಅದು. ಸುತ್ತ ನಾಲ್ಕು ಬೆರಳಗಲ ಕಪ್ಪು ಅಂಚು, ನಟ್ಟನಡುವೆ ಎಂಟೆಸಳಿನ ಹಳದಿ ತಾವರೆ. ಕರಣೆ ಹಿಡಿದು ತಿಕ್ಕಿದ್ದು ಎಷ್ಟೆಂದರೆ ಬಲಗೈ ಮಣಿಕಟ್ಟು ಚಳಿಗಾಲ ಬಂತೆಂದರೆ ಇವತ್ತಿಗೂ ನೋಯುತ್ತದೆ. ತಪಾಸಣೆಗೆ ಬಂದ ದೊಡ್ಡ ಸಾಹೇಬರು ಆ ನೆಲ ನೋಡಿ ಬಾಗಿಲಲ್ಲೇ ಬೂಟು ಬಿಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೂದಲೆಳೆಯಷ್ಟು ಬಿರುಕು ತೋರಿಸಿದವರಿಗೆ ನನ್ನ ಕರಣೆ ಕೊಟ್ಟುಬಿಡುತ್ತೇನೆ ಎಂದು ಊರೆಲ್ಲ ಸವಾಲು ಹಾಕಿಕೊಂಡು ತಿರುಗಿದ್ದೆ. ಒಬ್ಬರೂ ಬರಲಿಲ್ಲ.

ನಮ್ಮೂರಲ್ಲಿ ಸೂರ್ಯ ಮುಳುಗಿದ ಮೇಲೂ ಬಿಸಿಲು ಪೂರ್ತಿ ಹೋಗುವುದಿಲ್ಲ. ಮಣ್ಣು, ಹುಲ್ಲು, ಗಿಡಮರದ ಮೇಲೆ ಬಿದ್ದದ್ದು ಇಂಗಿಹೋಗುತ್ತದೆ. ಸಿಮೆಂಟು, ಕಲ್ಲುಚಪ್ಪಡಿ, ತಗಡಿನ ಮೇಲೆ ಬಿದ್ದದ್ದು ಅಲ್ಲೇ ಉಳಿಯುತ್ತದೆ. ಉಳಿಬಿಸಿಲು ಅನ್ನುತ್ತೇವೆ. ದೀಪ ಹಚ್ಚುವ ಹೊತ್ತಿಗೆ ಮನೆಮನೆಯವರೂ ಕೈಗೆ ಒದ್ದೆ ಗೋಣಿಬಟ್ಟೆ ಸುತ್ತಿಕೊಂಡು ಅಂಗಳಕ್ಕಿಳಿದು, ಒಂದು ಮೂಲೆಯಿಂದ ಎಬ್ಬಿಸಿ, ಚಾಪೆಯ ಹಾಗೆ ಸುತ್ತಿ ಗೇಟಿನ ಪಕ್ಕ ನಿಲ್ಲಿಸಬೇಕು. ಪುರಸಭೆಯ ಗಾಡಿ ಬಂದು ಹೇರಿಕೊಂಡು ಹೋಗುತ್ತದೆ. ಒಂದು ದಿನ ಬಿಟ್ಟರೆ ಮಾರನೆಯ ದಿನದ್ದು ಅದರ ಮೇಲೆ ಕೂತು ಅಂಗಳಕ್ಕೆ ಕಾಲಿಡುವ ಹಾಗಿರುವುದಿಲ್ಲ. ಎಷ್ಟು ನಾಜೂಕಾಗಿ ಸುತ್ತಿದರೂ ಸಂದಿಗೊಂದಿಯಲ್ಲಿ ಒಂದಿಷ್ಟು ಅಂಟಿಕೊಂಡೇ ಇರುತ್ತದೆ, ಹಾಗಾಗಿ ಊರಿನಲ್ಲಿ ರಾತ್ರಿ ಹೊತ್ತೂ ಮಬ್ಬು ಬೆಳಕು ತಪ್ಪಿದ್ದಲ್ಲ. ಒರಟು ನೆಲದ ಮೇಲಿನ ಬಿಸಿಲು ಎತ್ತುವಾಗ ಪರಪರ ಹರಿದುಹೋಗುತ್ತದೆ. ನನ್ನ ನೆಲದ ಮೇಲಿನದು ಮಾತ್ರ ಒಂದು ಹರುಕಿಲ್ಲದೆ, ರೇಷ್ಮೆ ಸೀರೆ ಮಡಿಸಿದಂತೆ ಏಳುತ್ತಿತ್ತು. "ಮೇಸ್ತ್ರೇ, ಊರಲ್ಲಿ ನಿಮ್ ನೆಲದ್ದು ಸುತ್ತೋದೇ ಒಂದು ಸುಖ ನೋಡಿ," ಎಂದು ಗಾಡಿಯವನು ಸಿಕ್ಕಾಗಲೆಲ್ಲ ಹೇಳುತ್ತಿದ್ದ. ನಾನು ಉಬ್ಬಿಹೋಗುತ್ತಿದ್ದೆ. ಗಾಡಿ ಊರಾಚೆ ತಿರುವಿನ ಹಳೆ ಕಲ್ಲು ಕ್ವಾರಿಗೆ ಹೋಗುತ್ತದೆ ಎಂಬಷ್ಟು ಎಲ್ಲರಿಗೂ ಗೊತ್ತಿತ್ತು. ಅದರ ಮುಂದಿನದನ್ನು ಕೇಳುವ ರೂಢಿ ನಮ್ಮಲ್ಲಿರಲಿಲ್ಲ.

ಶಾಲೆಗೆ ಇಂದ್ರಾಣಿ ಟೀಚರ್ ಅಂತ ಬಂದರು. ತೆಳ್ಳಗೆ ಕಡ್ಡಿಯ ಹಾಗಿದ್ದರು, ದನಿ ಮಾತ್ರ ಗಟ್ಟಿ. ಒಂದನೇ ಕ್ಲಾಸು ಅವರದು, ಮೂವತ್ತೊಂದು ಮಕ್ಕಳು. ಪುಸ್ತಕದಲ್ಲಿದ್ದ ಪರಿಸರದ ಪಾಠವನ್ನು ಅವರು ಒಂದೇ ದಿನದಲ್ಲಿ ಮುಗಿಸಿ, "ಇದು ಪರೀಕ್ಷೆಗೆ ಆಯ್ತು, ಈಗ ನಮಗೆ," ಎಂದು ಮಕ್ಕಳ ಕೈಗೆ ಒಂದೊಂದು ಸೀಮೆಸುಣ್ಣ ಕೊಟ್ಟರಂತೆ. ನಮ್ಮೂರ ಶಾಲೆ ಬಿಸಿಲು ಸುತ್ತಿ ಆದ ಮೇಲೆಯೇ ಬಿಡುವುದು. ಸುತ್ತುವುದಕ್ಕೆ ಮೊದಲು ಮಕ್ಕಳು ಎಲ್ಲೆಲ್ಲಿ ಬಿಸಿಲು ಉಳಿದಿದೆಯೋ ಅದರ ಸುತ್ತ ಗೆರೆ ಎಳೆಯಬೇಕು, ಯಾವ ಜಾಗದಿಂದ ಎಷ್ಟು ಸುರುಳಿ ಎದ್ದಿತು ಎಂದು ಪುಸ್ತಕದಲ್ಲಿ ಚಿತ್ರ ಬರೆಯಬೇಕು. ಅಕ್ಷರ ಇನ್ನೂ ನೆಟ್ಟಗೆ ಬಾರದ ಮಕ್ಕಳು ಒಂದೊಂದು ಸುರುಳಿಗೂ ಆನೆಯ ಸೊಂಡಿಲಿನಂಥ ಒಂದು ಗೆರೆ ಬರೆದುಕೊಂಡು ಬಂದವು. ಒಂದು ತಿಂಗಳಾದ ಮೇಲೆ ಎಲ್ಲರ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಶಾಲೆಯಿಂದ ದಿನಕ್ಕೆ ಹನ್ನೊಂದು ಸುರುಳಿ, ಅದರಲ್ಲಿ ಒಂಬತ್ತು ನನ್ನ ಅಂಗಳದಿಂದಲೇ.

ಮಣ್ಣು ಬಿಸಿಲು ಕುಡಿಯುತ್ತದಲ್ಲ, ಮತ್ತೆ ಮಣ್ಣಿಗೇ ಹಾಕೋಣ ಅಂತ ಮಕ್ಕಳು ಯೋಚನೆ ಮಾಡಿದವು. ಟೀಚರ್ ಬೇಡ ಅನ್ನಲಿಲ್ಲ. ಶಾಲೆಯ ಹಿಂದೆ ಅವೇ ನೆಟ್ಟಿದ್ದ ಸೀಬೆ ಗಿಡದ ಬುಡದಲ್ಲಿ ಗುಂಡಿ ತೋಡಿ ಒಂದು ಸುರುಳಿ ಹೂತವು. ಬೆಳಿಗ್ಗೆ ಬಂದು ನೋಡಿದರೆ ಗಿಡ ಸುಟ್ಟ ಹಪ್ಪಳದ ಹಾಗಾಗಿತ್ತು. ಮೂವತ್ತೊಂದು ಮಕ್ಕಳೂ ಒಟ್ಟಿಗೆ ಅತ್ತದ್ದು ನಮ್ಮ ಬೀದಿಗೆ ಕೇಳಿಸಿತು. ಅತ್ತು ಮುಗಿದ ಮೇಲೆ ಟೀಚರ್ "ಯಾಕೆ ಹಿಂಗಾಯ್ತು ಹೇಳಿ" ಎಂದರಂತೆ. ಶಾಹಿದಾ ಅಂತ ಒಂದು ಹುಡುಗಿ, ಮುಂದಿನ ಎರಡು ಹಲ್ಲು ಬಿದ್ದವಳು, ಕೈಯೆತ್ತಿ, "ಮಿಸ್, ಮಣ್ಣು ಮೇಲೆ ಬಿದ್ದಿದ್ದನ್ನ ಮೆಲ್ಲಮೆಲ್ಲಗೆ ಕುಡೀತದೆ. ನಾವು ಬಾಯಿಗೆ ತುರುಕಿದ್ವಿ," ಅಂದಳಂತೆ. ಆರು ವರ್ಷದ ಮಗು. ನಾನು ಅರವತ್ತಾರು ವರ್ಷ ಈ ಊರಲ್ಲಿ ಬದುಕಿದ್ದೇನೆ, ನನಗೆ ಹೊಳೆದಿರಲಿಲ್ಲ.

ಬಿಸಿಲು ಮಣ್ಣಿನ ಮೇಲೇ ಬೀಳಬೇಕು ಅಂದರೆ ಮಣ್ಣಿನ ಮೇಲಿರುವುದನ್ನು ತೆಗೆಯಬೇಕು. ಅಲ್ಲಿಗೆ ಮಾತು ನನ್ನ ಬುಡಕ್ಕೆ ಬಂತು. ನಮ್ಮೂರಲ್ಲಿ ಒಂದು ಕಟ್ಟಳೆ ಇದೆ. ನೆಲ ಹಾಕಿದವನು ಬದುಕಿರುವಾಗ ಆ ನೆಲಕ್ಕೆ ಮೊದಲ ಏಟು ಅವನೇ ಹಾಕಬೇಕು. ಬೇರೆಯವರು ಹಾಕುವ ಹಾಗಿಲ್ಲ. ಹೆಡ್‌ಮಾಸ್ಟರು ಜಾಣರು. "ಮೇಸ್ತ್ರಿ ಮೊದಲ ಏಟು ಹಾಕಿದ್ರೆ ನನ್ನದೇನೂ ಅಡ್ಡಿಯಿಲ್ಲ," ಎಂದು ಟೀಚರಿಗೆ ಹೇಳಿ ಕೈತೊಳೆದುಕೊಂಡರು. ನಾನು ಹಾಕುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಮೂವತ್ತೊಂದು ಮಕ್ಕಳು ಇಬ್ಬಿಬ್ಬರಂತೆ ಕೈ ಹಿಡಿದುಕೊಂಡು ನನ್ನ ಮನೆ ಬಾಗಿಲಿಗೆ ಬಂದರು. ಹಿಂದೆ ಟೀಚರ್. ನೆಲ ಹಾಕಿದ ಕೈ ನೋಡಲು ಬಂದಿದ್ದಾರೆ ಅಂದುಕೊಂಡೆ. ಹೆಂಡತಿ ಸಾಕಮ್ಮನಿಗೆ ಕೂಗಿ ಎಲ್ಲರಿಗೂ ಹುರಿಗಡಲೆ ಬೆಲ್ಲ ಕೊಡಿಸಿದೆ. ಕರಣೆ ತಂದು ತೋರಿಸಿ, ಕೆಂಪು ಹೇಗೆ ಕೂಡಿಸಬೇಕು, ಎಷ್ಟು ದಿನ ನೀರು ಕಟ್ಟಬೇಕು ಅಂತ ಒಂದು ಭಾಷಣವನ್ನೇ ಮಾಡಿದೆ. ಮಕ್ಕಳು ಬೆಲ್ಲ ಕಡಿಯುತ್ತಾ ಕೇಳಿದವು. ಕೊನೆಗೆ ಶಾಹಿದಾ ಮುಂದೆ ಬಂದು, "ಮೇಸ್ತ್ರಿ ತಾತ, ನಿಮ್ ನೆಲ ಭಾಳ ಚೆನ್ನಾಗೈತೆ. ಅದಕ್ಕೇ ಬಿಸಿಲು ಅಲ್ಲೇ ಕೂತ್ಕಂತದೆ. ಒಡೆದುಕೊಡ್ತೀರಾ?" ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಮಕ್ಕಳೆಂದೂ ನೋಡದೆ, ಬೆಲ್ಲ ತಿಂದ ಬಾಯಲ್ಲಿ ಇಂಥ ಮಾತು ಬರುತ್ತದಲ್ಲ, ಯಾರು ಹೇಳಿಕೊಟ್ಟರು ಇದನ್ನು ಎಂದು ಕೂಗಾಡಿದೆ. ಟೀಚರ್ ಕಡೆ ತಿರುಗಿ, "ಪಾಠ ಮಾಡೋಕೆ ಬಂದೋರು ಪಾಠ ಮಾಡಿ. ನೆಲ ಒಡೆಸೋದು ನಿಮ್ ಕೆಲಸ ಅಲ್ಲ," ಅಂದೆ. ಮಕ್ಕಳು ಬಂದ ಹಾಗೇ ಕೈ ಹಿಡಿದುಕೊಂಡು ಹೋದವು. ಸಾಕಮ್ಮ ಖಾಲಿ ತಟ್ಟೆ ಎತ್ತುತ್ತಾ, "ಇಪ್ಪತ್ತೆರಡು ವರ್ಷದಿಂದ ಬಿರುಕು ತೋರಿಸಿ ತೋರಿಸಿ ಅಂತಿದ್ರಿ. ಇವತ್ತು ಯಾರೋ ತೋರಿಸಿದ್ರು ನೋಡಿ," ಅಂದಳು. ಅವಳ ಮೇಲೂ ರೇಗಿದೆ.

ಸೋಮವಾರ ಟೀಚರಮ್ಮನಿಗೆ ಸರಿಯಾಗಿ ಬುದ್ಧಿ ಹೇಳಿ ಬರೋಣ ಅಂತ ಶಾಲೆಗೆ ಹೋದೆ. ಒಂದನೇ ಕ್ಲಾಸಿನ ಬಾಗಿಲಲ್ಲಿ ನಿಂತರೆ ಒಳಗೆ ಸದ್ದೇ ಇಲ್ಲ. ಮೂಲೆಯಲ್ಲಿ ಒಂದು ಹೆಣ್ಣುಮಗು ಮುದುಡಿಕೊಂಡು ಮಲಗಿತ್ತು. ಕತ್ತಿನ ತುಂಬ ಬೆವರುಸಾಲೆ. ಅಕ್ಕಪಕ್ಕ ಇಬ್ಬರು ಮಕ್ಕಳು ಕೂತು ಪುಸ್ತಕದಿಂದ ಗಾಳಿ ಹಾಕುತ್ತಿದ್ದರು. ಉಳಿದವರು ಬಾಯಿ ಮುಚ್ಚಿಕೊಂಡು ಲೆಕ್ಕ ಮಾಡುತ್ತಿದ್ದರು. ಟೀಚರ್ ಹೊರಗೆ ಬಂದು ಮೆಲ್ಲಗೆ, "ಚೆಲುವಿ ಅಂತ. ಕ್ವಾರಿ ಕೇರಿಯವಳು. ದಿನಾ ಎರಡನೇ ಪೀರಿಯಡ್ ಅವಳದ್ದು ನಿದ್ದೆ, ಮಕ್ಕಳು ಪಾಳಿ ಹಾಕಿಕೊಂಡಿದ್ದಾರೆ," ಅಂದರು. ಮನೆಯಲ್ಲಿ ಮಲಗುವುದಿಲ್ಲವೇ ಎಂದು ಕೇಳಿದೆ. "ನೀವೇ ಒಂದು ಸಲ ಹೋಗಿ ನೋಡಿ ಬನ್ನಿ ಮೇಸ್ತ್ರಿಗಳೇ. ನಾನು ಹೇಳಿದ್ರೆ ಹೇಳಿಕೊಟ್ಟ ಹಾಗಾಗ್ತದೆ." ನಾನು ಆಡಿದ್ದ ಮಾತನ್ನೇ ತಿರುಗಿಸಿ ಕೊಟ್ಟಿದ್ದರು. ಜಗಳಕ್ಕೆ ಹೋದವನು ಸಂಜೆ ಗಾಡಿ ಬರುವವರೆಗೂ ಜಗಲಿಯಲ್ಲೇ ಕೂತೆ.

ಸಂಜೆ ಬಿಸಿಲು ಸುತ್ತಿ ಹೇರಿಯಾದ ಮೇಲೆ ಕ್ವಾರಿ ಕೇರಿಯ ಮಕ್ಕಳು ಆ ಗಾಡಿಯಲ್ಲೇ ಮನೆಗೆ ಹೋಗುವುದು. ನಾನೂ ಹತ್ತಿ ಚೆಲುವಿಯ ಪಕ್ಕ ಕೂತೆ. ಬೆನ್ನಿಗೆ ಸುರುಳಿಗಳ ಕಾವು, ಕಣ್ಣಿಗೆ ಅದರದೇ ಬೆಳಕು. ತಿರುವು ದಾಟಿದೊಡನೆ ನಾನು ಮುಂಗೈಯಿಂದ ಮುಖ ಮರೆಮಾಡಿಕೊಂಡೆ. ಕ್ವಾರಿಯ ಗುಂಡಿ ಯಾವತ್ತೋ ತುಂಬಿಹೋಗಿತ್ತು. ಈಗ ಅದರ ಮೇಲೆ ಬೆಟ್ಟದ ಹಾಗೆ ಪೇರಿಸಿದ್ದರು. ಬುಡದಲ್ಲಿ ಇಪ್ಪತ್ತು ಮೂವತ್ತು ಮನೆ. ಕಿಟಕಿಗಳಿಗೆಲ್ಲ ಕಂಬಳಿ, ಗೋಣಿ, ಹಳೆ ಸೀರೆ ತೂಗುಹಾಕಿದ್ದರು. ಕತ್ತಲಾಗುವ ಹೊತ್ತು, ಆದರೆ ಅಲ್ಲಿ ಕೋಳಿಗಳು ಮಟಮಟ ಮಧ್ಯಾಹ್ನದಂತೆ ಕೆದಕುತ್ತಿದ್ದವು. ಗಂಡಸರು ಹೆಂಗಸರು ಎಲ್ಲ ಗಾಡಿಗೇ ಕಾಯುತ್ತಿದ್ದರು. ಇಳಿಸಿ ಪೇರಿಸುವುದು ಅವರ ಕೆಲಸ. ಚೆಲುವಿಯ ತಾಯಿ ಓಬಳಮ್ಮ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಬಂದು, "ಏನ್ ಮೇಸ್ತ್ರಣ್ಣ, ದಾರಿ ತಪ್ಪಿ ಬಂದ್ರಾ?" ಅಂದಳು.

ಅವಳ ಮನೆಯ ಹಿಂಗೋಡೆಗೆ ತಾಗಿದಂತೆ ಪೇರಿಸಿದ್ದ ಸುರುಳಿಗಳು ಕೆಂಪಗಿದ್ದವು. ಹತ್ತಿರ ಹೋಗಿ ನೋಡಿದೆ. ಕೆಲವು ಬಿಚ್ಚಿಕೊಂಡು ಜೋಲುತ್ತಿದ್ದವು. ನೆಲದ ಅಚ್ಚು ಬಿಸಿಲಿಗೂ ಇಳಿದಿತ್ತು: ಕೆಲವಕ್ಕೆ ಅಂಚಿನಲ್ಲಿ ನಾಲ್ಕು ಬೆರಳಗಲದ ಕಪ್ಪು ಪಟ್ಟಿ, ಕೆಲವಕ್ಕೆ ನಡುವೆ ಹಳದಿ ತಾವರೆ. ಎಂಟೆಸಳು. ಒಂದರ ಮೇಲೆ ಒಂದು, ಕತ್ತೆತ್ತಿ ನೋಡುವಷ್ಟು ಎತ್ತರಕ್ಕೆ ತಾವರೆಯೋ ತಾವರೆ. ಒಂದೂ ಹರಿದಿರಲಿಲ್ಲ, ಒಂದೂ ಬಣ್ಣಗೆಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷದ ನನ್ನ ಕೆಲಸ ಅಲ್ಲಿ ಉರಿಯುತ್ತಾ ನಿಂತಿತ್ತು.

"ನಾವು ಇದಕ್ಕೆ ಹೂವಿನ ಮಗ್ಗುಲು ಅಂತೀವಿ," ಅಂದಳು ಓಬಳಮ್ಮ. "ಬೇರೆಯವರ ಮನೇದು ಹರಕು ಮುರುಕು, ಬೇಗ ಆರ್ತದೆ. ಇದು ಗಟ್ಟಿ ಮಾಲು. ಆರೋದೇ ಇಲ್ಲ." ಅದನ್ನು ಹೊಗಳಿಕೆಯಂತೆಯೇ ಹೇಳಿದಳು, ಪಾಪ. ಚೆಲುವಿ ನನ್ನ ಪಂಚೆ ಹಿಡಿದುಕೊಂಡು, "ತಾತ, ಕಣ್ಣು ಮುಚ್ಚಿದ್ರೂ ಆ ಹೂವು ಒಳಗೆ ಬತ್ತದೆ," ಅಂದಳು. ನಡೆದುಕೊಂಡೇ ಮನೆಗೆ ಬಂದೆ. ಸಾಕಮ್ಮ ಮುಖ ನೋಡಿ ನೀರು ಕೊಟ್ಟಳು. ನಾಚಿಕೆ ಅನ್ನುವುದು ಆ ವಯಸ್ಸಿನಲ್ಲಿ ಅಷ್ಟು ಹೊಸದಾಗಿ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಸುತ್ತಿಗೆ, ಚಾಣ, ಹಾರೆ ಹೊತ್ತುಕೊಂಡು ಶಾಲೆಗೆ ಹೋದೆ. ಹೆಡ್‌ಮಾಸ್ಟರು ಚಾ ಕುಡಿಯುತ್ತಿದ್ದರು, ಲೋಟ ಹಾಗೇ ಕೈಯಲ್ಲಿ ನಿಂತಿತು. ಮಕ್ಕಳು ಅಂಗಳದ ಸುತ್ತ ಸಾಲಾಗಿ ನಿಂತವು. ಈಶಾನ್ಯದ ಮೂಲೆಯಲ್ಲಿ ಚಾಣ ಇಟ್ಟು ಮೊದಲ ಏಟು ಹಾಕಿದೆ. ನೆಲ ಒಡೆಯಲಿಲ್ಲ. ಎರಡನೆಯದಕ್ಕೂ ಒಡೆಯಲಿಲ್ಲ. ನಾಲ್ಕನೆಯದಕ್ಕೆ ಉಗುರಿನಷ್ಟು ಚಕ್ಕೆ ಎದ್ದಿತು. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂದರೂ ಒಳಗೊಳಗೇ ಹಿಗ್ಗೂ ಆಯಿತು. ಹೆಡ್‌ಮಾಸ್ಟರ ಕಡೆ ತಿರುಗಿ, "ನೋಡಿದ್ರಾ ಸಾರ್, ಹೆಂಗೈತೆ ಮಾಲು?" ಅಂದೆ. ಇಂದ್ರಾಣಿ ಟೀಚರ್ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಹನ್ನೊಂದು ದಿನ ಹಿಡಿಯಿತು. ದೊಡ್ಡವರ ಕೆಲಸ ಮಕ್ಕಳ ಕೈಗೆ ಕೊಡಲಿಲ್ಲ. ನಾನು ಒಡೆದೆ, ಊರಿನ ಇಬ್ಬರು ಹಳೆ ಶಿಷ್ಯರು ಹಾರೆ ಹಾಕಿದರು, ಮಕ್ಕಳು ಸಾಲಾಗಿ ನಿಂತು ಚಕ್ಕೆಗಳನ್ನು ಕೈಯಿಂದ ಕೈಗೆ ದಾಟಿಸಿದವು. ಚೂಪಾದದ್ದು ಯಾವುದು, ಹೇಗೆ ಹಿಡಿಯಬೇಕು ಎಂದು ಹೇಳಿಕೊಟ್ಟೆ. ಮರೆತವರಿಗೆ ಶಾಹಿದಾ ನನಗಿಂತ ಜೋರಾಗಿ ಬೈಯುತ್ತಿದ್ದಳು. ಕಲ್ಲುಚೂರೆಲ್ಲ ಕೆಳಗಿನ ಬೀದಿಯ ಹೊಂಡ ಮುಚ್ಚಲು ಹೋಯಿತು.

ಹತ್ತನೆಯ ದಿನದ ಹೊತ್ತಿಗೆ ತಾವರೆಯೊಂದೇ ಉಳಿದಿತ್ತು. ಸುತ್ತ ಮಣ್ಣು, ನಡುವೆ ಹೂವು. ನನ್ನ ಕೈ ಮುಂದೆ ಹೋಗಲಿಲ್ಲ. "ಟೀಚರಮ್ಮ, ಇದೊಂದು ಇರಲಿ, ನೆನಪಿಗೆ," ಅಂದೆ. ಅವರು "ಮಕ್ಕಳನ್ನ ಕೇಳಿ" ಎಂದರು. ಮಕ್ಕಳು ಆ ಸಂಜೆ ತಾವರೆಯ ಸುತ್ತ ಗೆರೆ ಎಳೆದು, ಅದರ ಬಿಸಿಲು ಸುತ್ತಿ, "ಅರ್ಧ ಸುರುಳಿ ತಾತ" ಅಂದವು. ಬೇಕು ಬೇಡ ಅಂತ ಅವರಲ್ಲೇ ದೊಡ್ಡ ಗಲಾಟೆ ಆಯಿತು. ಮಾತು ಕಡಿಮೆಯ ಚೆಲುವಿ ಹಿಂದಿನಿಂದ ಬಂದು, "ಇರ್ಲಿ ಬಿಡ್ರೇ. ತಾತಂಗೆ ಅಳು ಬತ್ತಾ ಐತೆ. ಅರ್ಧಾನೇ ಅಲ್ವಾ, ನಾ ಮಕ ಆ ಕಡೆ ಮಾಡ್ಕಂಡು ಮಲಗ್ತೀನಿ," ಅಂದಳು.

ಅದನ್ನು ಕೇಳಿದ ಮೇಲೆ ಚಾಣ ಹಿಡಿಯಲು ನನಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಎಂಟೂ ಎಸಳನ್ನು ನಾನೊಬ್ಬನೇ ಒಡೆದೆ. ಒಬ್ಬರನ್ನೂ ಹತ್ತಿರ ಬಿಡಲಿಲ್ಲ.

ಅಷ್ಟಕ್ಕೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಇಪ್ಪತ್ತೆರಡು ವರ್ಷ ಮುಚ್ಚಿಹೋಗಿದ್ದ ಮಣ್ಣು ಇಟ್ಟಿಗೆಯಂತಾಗಿತ್ತು. ಕುಡಿಯುವುದನ್ನೇ ಮರೆತಿತ್ತು. ಮೊದಲ ದಿನ ಬಿಸಿಲು ಅದರ ಮೇಲೂ ಹಾಗೇ ಬಿದ್ದುಕೊಂಡಿತ್ತು, ಎಂಟು ಸುರುಳಿ. ಊರಲ್ಲಿ ನಗಾಡಿದರು. ನೆಲವೂ ಹೋಯಿತು ಬಿಸಿಲೂ ಹೋಗಲಿಲ್ಲ, ಮೇಸ್ತ್ರಿಗೆ ಅರಳುಮರಳು ಅಂದರು. ಮಕ್ಕಳು ಮಾತ್ರ ಎದೆಗುಂದಲಿಲ್ಲ. ಗುದ್ದಲಿಯಿಂದ ನಾವು ಅಗೆದೆವು, ಅವು ಹೆಂಟೆ ಪುಡಿಮಾಡಿದವು. ಕೈತೊಳೆದ ನೀರು, ಬಿಸಿಯೂಟದ ಅಕ್ಕಿ ತೊಳೆದ ನೀರು, ಎಲ್ಲ ಅಂಗಳಕ್ಕೇ. ಮನೆಯಿಂದ ಒಂದೊಂದು ಮುಷ್ಟಿ ಹುರುಳಿ ತಂದು ಚೆಲ್ಲಿದವು. ದಿನಾ ಸಂಜೆ ಶಾಹಿದಾ ಮನೆಗೆ ಹೋಗುವ ದಾರಿಯಲ್ಲಿ ನನ್ನ ಬಾಗಿಲಲ್ಲಿ ನಿಂತು ವರದಿ ಒಪ್ಪಿಸುತ್ತಿದ್ದಳು. ಏಳು ತಾತ. ಇವತ್ತೂ ಏಳೇ ತಾತ. ಆರೂವರೆ. ಹುರುಳಿ ಮೊಳೆತು ಎಲೆಬಿಟ್ಟ ವಾರ ನಾಲ್ಕಕ್ಕೆ ಇಳಿಯಿತು. ಆಮೇಲೆ ಮೂರು. ನನಗೆ ಸಂಜೆಯಾಗುತ್ತಲೇ ಬಾಗಿಲಿಗೆ ಬಂದು ನಿಲ್ಲುವುದೇ ಕೆಲಸವಾಯಿತು. ಎರಡೂವರೆ ತಿಂಗಳಾದ ಮೇಲೆ ಒಂದು ಸಂಜೆ ಅವಳು ಬಾಯಿಬಿಡದೆ ಪುಸ್ತಕ ಬಿಡಿಸಿ ತೋರಿಸಿದಳು. ಹಾಳೆ ತುಂಬ ಒಂದೇ ಒಂದು ಸೊನ್ನೆ ಬರೆದಿದ್ದಳು. ಪೆನ್ಸಿಲು ಒತ್ತಿದ್ದಕ್ಕೆ ಹಾಳೆ ತೂತಾಗಿತ್ತು.

ಅಂಗಳ ಪೂರ್ತಿ ಕುಡಿಯುತ್ತದೆ ಎಂದ ಮೇಲೆ ಅಲ್ಲಿ ಸಂಜೆ ಹೇಗಿರುತ್ತದೆ, ನೋಡಬೇಕು ಎಂದು ಮಕ್ಕಳು ಹಟ ಹಿಡಿದವು. ಉಳಿದ ಎರಡು ಸುರುಳಿ ಮೆಟ್ಟಿಲು ಮತ್ತು ಜಗಲಿಯದು, ಅವಕ್ಕೆ ಟೀಚರ್ ಮಕ್ಕಳಿಂದ ಬಳ್ಳಿ ಹಬ್ಬಿಸುತ್ತಿದ್ದರು. ಅವತ್ತಿಗೆ ಅವನ್ನು ಸುತ್ತಿ ಗಾಡಿಗೆ ಕೊಟ್ಟು, ಜಗಲಿಗೆ ಒದ್ದೆ ಗೋಣಿ ಹೊದಿಸಿ, ಎಲ್ಲರೂ ಅಂಗಳದಲ್ಲಿ ಕೂತೆವು. ತಂದೆತಾಯಿಯರೂ ಬಂದಿದ್ದರು. ಓಬಳಮ್ಮನ ಪಾಳಿಯನ್ನು ಅವಳ ಕೇರಿಯವರು ಅವತ್ತೊಂದು ದಿನ ನೋಡಿಕೊಂಡರು. ಸಾಕಮ್ಮ ನನ್ನ ಪಕ್ಕದಲ್ಲಿದ್ದಳು. ಚೆಲುವಿ ನನ್ನ ಇನ್ನೊಂದು ಪಕ್ಕಕ್ಕೆ ಬಂದು ಕೂತಳು.

ಮೊದಲು ಹುರುಳಿಯ ಎಲೆ ಕಾಣದಾಯಿತು. ಆಮೇಲೆ ಎದುರಿಗೆ ಕೂತವರ ಮುಖ. ನಮ್ಮೂರಿನ ಮಬ್ಬು ಬೆಳಕಿನಲ್ಲಿ ಬೆಳೆದ ಮಕ್ಕಳಿಗೆ ಇದು ಗೊತ್ತಿರಲಿಲ್ಲ. ಗಾಡಿಯ ಬೆಳಕಲ್ಲೇ ಮನೆಗೆ ಹೋಗಿ ಬೆಳಕಲ್ಲೇ ಎದ್ದ ಚೆಲುವಿಗಂತೂ ಅದರ ಹೆಸರೂ ಗೊತ್ತಿರಲಿಲ್ಲ. ನನ್ನ ತೋಳು ಹುಡುಕಿ ಹಿಡಿದುಕೊಂಡಳು.

"ತಾತ, ನನ್ ಕೈ ಎಲ್ಲೋಯ್ತು?"

"ಎಲ್ಲೂ ಹೋಗಿಲ್ಲ ಕೂಸೇ. ಮುಟ್ಟಿ ನೋಡ್ಕೋ."

ಮುಟ್ಟಿ ನೋಡಿಕೊಂಡಳು. "ಐತೆ," ಅಂದಳು. "ಇದು ಏನು ತಾತ?"

"ಕತ್ತಲೆ."

"ನೀವು ಹಾಕಿದ್ದಾ?"

"ನಿಮ್ ಕ್ಲಾಸಿನೋರು ಹಾಕಿದ್ದು," ಅಂದೆ. ನಾನು ಇಷ್ಟು ವರ್ಷ ಮೇಸ್ತ್ರಿ ಎಂದು ಮೆರೆದವನು. ಅಂಥದೊಂದು ಕೆಲಸ ನನ್ನ ಕೈಯಿಂದ ಒಂದು ಸಲವೂ ಆಗಿರಲಿಲ್ಲ. ಆರು ವರ್ಷದ ಮೂವತ್ತೊಂದು ಮಕ್ಕಳು ನನ್ನನ್ನು ಕೂಲಿಗೆ ಹಾಕಿಕೊಂಡು ಅದನ್ನು ಮಾಡಿ ಮುಗಿಸಿದ್ದರು. ಅವರ ಕೂಲಿಯಾಳು ನಾನಾಗಿದ್ದೆ ಎಂದು ಇವತ್ತಿಗೂ ಎಲ್ಲಿ ಬೇಕಾದರೂ ಎದೆಯುಬ್ಬಿಸಿ ಹೇಳುತ್ತೇನೆ.

ಚೆಲುವಿ ಮಣ್ಣಿನ ಮೇಲೆ ಅಂಗೈ ಊರಿ ತಣ್ಣಗಿದೆಯೇ ಎಂದು ನೋಡಿದಳು. ತಲೆ ನನ್ನ ತೊಡೆಯ ಮೇಲೆ ಬಂದು ಬಿತ್ತು. ಉಸಿರು ಉದ್ದವಾಯಿತು. ಯಾರೋ ಒಂದು ಮಗು ಜೋರಾಗಿ ಏನೋ ಹೇಳಹೊರಟಿತು, ಕತ್ತಲೆಯಲ್ಲಿ ಶಾಹಿದಾ "ಶ್, ಅವಳು ಮಲಗವ್ಳೆ," ಅಂದಳು. ಅಂಗಳವೆಲ್ಲ ಸದ್ದಡಗಿತು. ಮೂವತ್ತು ಮಕ್ಕಳು ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಓಬಳಮ್ಮ ತಡವರಿಸುತ್ತಾ ಬಂದು ಮಗಳನ್ನು ಎತ್ತಿಕೊಳ್ಳಲು ಬಾಗಿದಳು. ನಾನು ಅವಳ ಕೈ ತಡೆದೆ. ಕಾಲು ಜೋಮು ಹಿಡಿದು ಮರಗಟ್ಟಿತ್ತು. ಅಲುಗಿಸಲಿಲ್ಲ.